ಮುಸಾಫಿರ್‌ಖಾನೆಯಿಂದ ಲಾಡ್ಜಿನವರೆಗೆ: ಕಲಬುರಗಿಯಲ್ಲಿ ಹೋಟೆಲು ನಡೆದು ಬಂದ ದಾರಿ

ಕಲಬುರಗಿಯಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರೆ ಕೋಟೆ, 1367ರ ಜಾಮಿಯಾ ಮಸೀದಿ, ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ದೇವಸ್ಥಾನ ಎಂಬ ಉತ್ತರ ಕೂಡಲೇ ಸಿಗುತ್ತದೆ. ಇವನ್ನೆಲ್ಲ ನೋಡಲು ಬಂದವರು ಶತಮಾನಗಳಿಂದ ಎಲ್ಲಿ ಉಂಡರು, ಎಲ್ಲಿ ಮಲಗಿದರು ಎಂದು ಕೇಳುವವರು ಕಡಿಮೆ. ಯಾರು ಯಾರ ಪಕ್ಕ ಕೂತು ಉಣ್ಣಬಹುದಿತ್ತು, ಯಾರು ಹೊರಗೆ ನಿಲ್ಲಬೇಕಿತ್ತು ಎಂಬುದು ಈ ಪ್ರಶ್ನೆಯ ಜೊತೆಗೇ ಬರುತ್ತದೆ.

‘ಹೋಟೆಲ್’ ಎಂಬ ಪದ ಫ್ರೆಂಚಿನಿಂದ ಬಂದದ್ದು. ಅತಿಥಿಸತ್ಕಾರವನ್ನು ಸೂಚಿಸುವ ಲ್ಯಾಟಿನ್ ಮೂಲದಿಂದಲೇ ‘ಹಾಸ್ಪಿಟಲ್’ ಕೂಡ ಹುಟ್ಟಿದೆ. ಪಶ್ಚಿಮದಲ್ಲಿ ಹೋಟೆಲ್ ಎಂದರೆ ತಂಗುವ ಜಾಗ. ನಮ್ಮಲ್ಲಿ ಅದು ಚಹಾ, ತಿಂಡಿ ಸಿಗುವ ಅಂಗಡಿಯಾಯಿತು. ಮಲಗುವ ಜಾಗಕ್ಕೆ ಲಾಡ್ಜ್ ಎಂದೂ, ರೊಟ್ಟಿ ಊಟಕ್ಕೆ ಮರಾಠಿಯ ನಂಟಿನ ಖಾನಾವಳಿ ಎಂದೂ ಬೇರೆ ಹೆಸರುಗಳು ಉಳಿದವು.

ದರ್ಗಾ ಮತ್ತು ದಾಸೋಹ

ಬಹಮನಿ ಅರಸರು 1347ರಲ್ಲಿ ಈ ಊರನ್ನು ರಾಜಧಾನಿ ಮಾಡಿಕೊಂಡಾಗ ಸೈನಿಕರು, ವರ್ತಕರು, ವಿದ್ವಾಂಸರು ದೂರದೂರದಿಂದ ಬಂದರು. ತೈಮೂರನ ದಾಳಿಯ ಕಾಲದಲ್ಲಿ ದೆಹಲಿ ಬಿಟ್ಟ ಸೂಫಿ ಸಂತ ಖ್ವಾಜಾ ಬಂದೇ ನವಾಜ್ ಗೇಸುದರಾಜ್ 1400ರ ಸುಮಾರಿಗೆ ಇಲ್ಲಿ ನೆಲೆಸಿ 1422ರಲ್ಲಿ ತೀರಿಕೊಂಡರು. ಬಂದವರಿಗೆ ಅನ್ನ, ತಂಗಲು ಜಾಗ ಕೊಡುವುದು ಸೂಫಿಗಳ ಖಾನ್‌ಖಾಗಳ ರೂಢಿ. ಉರುಸಿಗೆ ಇಂದಿಗೂ ಎಲ್ಲ ಜಾತಿ-ಧರ್ಮದವರು ಸೇರುತ್ತಾರೆ.

ಇನ್ನೊಂದು ದಾರಿ ಕಲ್ಯಾಣದಿಂದ ಬಂದದ್ದು. 12ನೇ ಶತಮಾನದಲ್ಲಿ ಬಸವಣ್ಣನವರು ಮತ್ತು ಅವರ ಜೊತೆಯ ಶರಣರು ದಾಸೋಹಕ್ಕೆ ಕೊಟ್ಟ ಅರ್ಥವನ್ನು ಅರಳಗುಂಡಗಿಯ ಶರಣಬಸವೇಶ್ವರರು (1746-1822) ಕಲಬುರಗಿಯಲ್ಲಿ ನಡೆಸಿ ತೋರಿಸಿದರು. ಹಸಿದು ಬಂದವನ ಕುಲ ಕೇಳದೆ ಉಣಬಡಿಸುವುದು ಅದರ ತಿರುಳು. ಈ ಎರಡೂ ಕಡೆ ಊಟಕ್ಕೆ ಹಣವಿರಲಿಲ್ಲ; ಆದ್ದರಿಂದ ಇವನ್ನು ಹೋಟೆಲು ಎನ್ನಲಾಗದು. ಆದರೆ ಅಪರಿಚಿತರ ಜೊತೆ ಕೂತು ಉಣ್ಣುವ ಅಭ್ಯಾಸ ಊರಿಗೆ ಮೊದಲು ಆದದ್ದು ಇಂಥ ಕಡೆಗಳಲ್ಲೇ ಎನ್ನಬಹುದು.

ರೈಲು ಬಂದ ಮೇಲೆ

ರಾಜಧಾನಿ 15ನೇ ಶತಮಾನದಲ್ಲಿ ಬೀದರಿಗೆ ಹೋಯಿತು. ಎರಡೂ ಊರುಗಳ ನಡುವೆ ನೂರು ಕಿ.ಮೀ.ಗೂ ಹೆಚ್ಚು ದಾರಿ. ಎತ್ತಿನ ಬಂಡಿಗೆ ಅದು ಮೂರ್ನಾಲ್ಕು ದಿನದ ಪಯಣ. ಈ ದಾರಿಯಲ್ಲಿ ಸುಮಾರು 35 ಕಿ.ಮೀ. ದೂರದ ಕಮಲಾಪುರ ಇಂದು ಭೌಗೋಳಿಕ ಸೂಚಕ ಪಡೆದ ಕೆಂಪು ಬಾಳೆಹಣ್ಣಿಗೆ ಹೆಸರಾಗಿದೆ.

ದೊಡ್ಡ ಬದಲಾವಣೆ ತಂದದ್ದು ರೈಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಕಲಬುರಗಿಯನ್ನು ಹಾದು 1871ರಲ್ಲಿ ರಾಯಚೂರು ಮುಟ್ಟಿ, ಮುಂಬಯಿ-ಮದ್ರಾಸುಗಳನ್ನು ಜೋಡಿಸಿತು. ಊರಲ್ಲಿ ನೆಂಟರಿಲ್ಲದ, ಮಠ-ದರ್ಗಾಗಳಿಗೆ ಹೊರಟಿರದ ಮನುಷ್ಯ ಕೈಯಲ್ಲಿ ಚೀಲ, ಜೇಬಿನಲ್ಲಿ ದುಡ್ಡು ಇಟ್ಟುಕೊಂಡು ಸ್ಟೇಷನ್ನಿನಲ್ಲಿ ಇಳಿಯತೊಡಗಿದ. ಬಟ್ಟೆ ಗಿರಣಿ ಬಂತು, ತೊಗರಿಯ ವ್ಯಾಪಾರ ಬೆಳೆಯಿತು. ಇಂಥವರಿಗೆ ದುಡ್ಡು ಕೊಟ್ಟರೆ ಊಟ ಸಿಗುವ ಜಾಗ ಬೇಕಾಗಿತ್ತು.

ದುಡ್ಡಿದ್ದರೂ ಬಾಗಿಲು ಮುಚ್ಚಿತ್ತು

ಆದರೆ ದುಡ್ಡಿದ್ದವರಿಗೆಲ್ಲ ಬಾಗಿಲು ತೆರೆಯಲಿಲ್ಲ. ಬ್ರಿಟಿಷರ ಕಾಲದ ರೈಲು ನಿಲ್ದಾಣಗಳಲ್ಲಿ ‘ಹಿಂದೂ ಪಾನಿ’, ‘ಮುಸ್ಲಿಂ ಪಾನಿ’ ಎಂದು ಕುಡಿಯುವ ನೀರೇ ಬೇರೆಯಿತ್ತು. ಹೋಟೆಲುಗಳ ಹೆಸರಿನಲ್ಲೂ ಜಾತಿ ಇರುತ್ತಿತ್ತು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಆರಂಭವಾದದ್ದು ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂಬ ಹೆಸರಿನಿಂದ. ಅಡುಗೆ ಯಾರದು ಎಂಬುದೇ ಅಂದಿನ ಗಿರಾಕಿಗೆ ಮೊದಲ ಭರವಸೆಯಾಗಿತ್ತು.

ಈ ಭರವಸೆಯ ಇನ್ನೊಂದು ಮುಖವನ್ನು ಡಾ. ಬಿ.ಆರ್. ಅಂಬೇಡ್ಕರ್ ಉಂಡರು. ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ 1917ರಲ್ಲಿ ಬಡೋದೆ ಸಂಸ್ಥಾನದ ನೌಕರಿಗೆ ಹೋದ ಅವರಿಗೆ ಹಿಂದೂ ಹೋಟೆಲುಗಳಲ್ಲಿ ಜಾಗವಿರಲಿಲ್ಲ. ಪಾರ್ಸಿ ಹೆಸರು ಬರೆಸಿ ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಗುಟ್ಟು ಬಯಲಾಗಿ, ದೊಣ್ಣೆ ಹಿಡಿದು ಬಂದ ಗುಂಪು ಅವರನ್ನು ಅಲ್ಲಿಂದ ಹೊರಡಿಸಿತು.

ಸಂವಿಧಾನದಲ್ಲಿ ಹೋಟೆಲು

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15(2)ನೇ ವಿಧಿಯಲ್ಲಿ ಹೋಟೆಲಿನ ಹೆಸರೇ ಇದೆ. ಧರ್ಮ, ಜನಾಂಗ, ಜಾತಿ, ಲಿಂಗ ಅಥವಾ ಹುಟ್ಟಿದ ಊರಿನ ಕಾರಣಕ್ಕೆ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳಿಗೆ ಯಾರನ್ನೂ ತಡೆಯಕೂಡದು ಎಂದು ಅದು ಹೇಳುತ್ತದೆ. ಆಗ ಕಲಬುರಗಿ ಹೈದರಾಬಾದ್ ರಾಜ್ಯದ ಭಾಗ. ಪೊಲೀಸ್ ಕಾರ್ಯಾಚರಣೆ ನಡೆದು ಎರಡು ವರ್ಷವೂ ಆಗಿರಲಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಮುಂದೆ ಹೋಗಿ ಹೋಟೆಲು, ಧರ್ಮಶಾಲೆ, ಸರಾಯಿ, ಮುಸಾಫಿರ್‌ಖಾನೆಗಳ ಪಾತ್ರೆ-ಪಗಡಗಳನ್ನು ಬಳಸಲು ಅಡ್ಡಿ ಮಾಡುವುದನ್ನೂ ಅಪರಾಧವೆಂದಿತು. ಚಹಾದ ಲೋಟವನ್ನು ಬೇರೆ ಇಡುವ ಪದ್ಧತಿಗೆ ಕಾನೂನು ಕೈ ಹಾಕಿದ್ದು ಹೀಗೆ. ಕಾನೂನು ಬಂದ ಮೇಲೂ ಹಳ್ಳಿಗಳಲ್ಲಿ ಈ ಪದ್ಧತಿ ಒಮ್ಮೆಲೇ ಹೋಗಲಿಲ್ಲ. ನಗರದಲ್ಲಿ ಮಾತ್ರ ಗಿರಾಕಿ ಯಾರೆಂದು ಕೇಳುವುದು ಕ್ರಮೇಣ ಕಷ್ಟವಾಯಿತು. ಯಾರ ಪರಿಚಯವೂ ಯಾರಿಗೂ ಇಲ್ಲದಿರುವುದೇ ಅಲ್ಲಿ ನೆರವಿಗೆ ಬಂತು.

1956ರ ಏಕೀಕರಣದ ನಂತರ ಊರಿಗೆ ಬಂದು ಹೋಗುವವರು ಹೆಚ್ಚಿದರು. 1980ರಲ್ಲಿ ವಿಶ್ವವಿದ್ಯಾಲಯ, 2008ರಲ್ಲಿ ಹೈಕೋರ್ಟ್ ಪೀಠ ಬಂದವು. 2017ರಲ್ಲಿ ಕಮಲಾಪುರದ ಮೂಲಕ ಬೀದರಿಗೆ ರೈಲು ಓಡಿತು. 2019ರಲ್ಲಿ ವಿಮಾನ ನಿಲ್ದಾಣ ತೆರೆಯಿತು. ವಿದ್ಯಾರ್ಥಿ, ಕಕ್ಷಿದಾರ, ವ್ಯಾಪಾರಿ ಎಲ್ಲರೂ ಇಂದು ಒಂದೇ ಮೇಜಿಗೆ ಕೂತು ರೊಟ್ಟಿ, ಪಲ್ಯ ತರಿಸಿಕೊಳ್ಳುತ್ತಾರೆ.

ಕೋಟೆ, ಗುಂಬಜುಗಳಿಗೆ ರಕ್ಷಣೆಯ ಫಲಕವಿದೆ. ಹಳೆಯ ಖಾನಾವಳಿ, ಲಾಡ್ಜುಗಳಿಗೆ ಅಂಥದ್ದಿಲ್ಲ. ಕಟ್ಟಡ ಬಿದ್ದರೆ ಅದರೊಂದಿಗೆ ಲೆಕ್ಕದ ಪುಸ್ತಕ, ದರದ ಫಲಕ, ತಂಗಿದವರ ಹೆಸರಿನ ರಿಜಿಸ್ಟರು ಎಲ್ಲವೂ ಹೋಗುತ್ತವೆ. ಜಾತಿಯ ಅಂಕಣವಿದ್ದ ಊರು ಅದನ್ನು ಯಾವಾಗ, ಹೇಗೆ ಬಿಟ್ಟಿತು ಎಂಬುದಕ್ಕೆ ಇಂಥ ಕಾಗದಗಳೇ ಸಾಕ್ಷಿ. ಅವು ರದ್ದಿಗೆ ಹೋಗುವ ಮುನ್ನ ಕೂಡಿಡುವ ಕೆಲಸ ಊರಿನ ಕಾಲೇಜುಗಳಿಂದ, ಗ್ರಂಥಾಲಯಗಳಿಂದ ಆಗಬೇಕಿದೆ.