ಗಂಜೀಫಾ ಸೈನ್ಯಕ್ಕೆ ಹೊಸ ವೇಷ

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ವಹಿಸಿಕೊಂಡಾಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ 37 ವರ್ಷ. ಸಿಂಹಾಸನ ಉಳಿಯಿತು, ಅಧಿಕಾರ ಹೋಯಿತು. ಸಾಹಿತ್ಯ, ಸಂಗೀತ, ಚಿತ್ರಕಲೆಗಳ ಜೊತೆಗೆ ಅರಸರು ಆಟಗಳಿಗೂ ಮನಸ್ಸು ಕೊಟ್ಟರು. ಚದುರಂಗದ ಕುದುರೆ 64 ಮನೆಗಳಲ್ಲೂ ಒಮ್ಮೊಮ್ಮೆ ಮಾತ್ರ ಕಾಲಿಟ್ಟು ಬರುವ ಬಂಧಗಳನ್ನು ರಚಿಸಿದರು. ಗಂಜೀಫಾ ಎಂಬ ಕೈಯಲ್ಲಿ ಚಿತ್ರಿಸಿದ ಇಸ್ಪೀಟೆಲೆಗಳ ಮೇಲಿನ ಪಡೆಯನ್ನಂತೂ ಬುಡದಿಂದಲೇ ಬದಲಿಸಿದರು.

ಆಟದ ಪಡೆಗೆ ವೇಷ ಬದಲಿಸಿದವರಲ್ಲಿ ಅವರೇ ಮೊದಲಿಗರಲ್ಲ. ಬಾಬರ್ 1527ರಲ್ಲಿ ಸಿಂಧ್‌ಗೆ ಗಂಜೀಫಾ ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವನ ಮೊಮ್ಮಗ ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲಿ 12 ಪಂಗಡಗಳ ಕಟ್ಟಿನ ವಿವರ ಸಿಗುತ್ತದೆ: ಕುದುರೆಗಳ ಒಡೆಯ, ಆನೆಗಳ ಒಡೆಯ, ಕಾಲಾಳುಗಳ ಒಡೆಯ, ಕೋಟೆಗಳ ಒಡೆಯ, ಹಡಗುಗಳ ಒಡೆಯ, ಹೀಗೆ. ಅಶ್ವಪತಿ ಪಂಗಡದಲ್ಲಿ ರಾಜ ಕುದುರೆಯ ಮೇಲೆ, ಮಂತ್ರಿಯೂ ಕುದುರೆಯ ಮೇಲೆ. ಉಳಿದ ಹತ್ತು ಎಲೆಗಳಲ್ಲಿ ಒಂದರಿಂದ ಹತ್ತರವರೆಗೂ ಬರೀ ಕುದುರೆಗಳು. ಅಕ್ಬರ್ ಈ ಪಂಗಡಗಳಲ್ಲಿ ಕೆಲವನ್ನು ತನಗೊಪ್ಪುವಂತೆ ತಿದ್ದಿಸಿದ. ದಶಾವತಾರದ 120 ಎಲೆಗಳ ಕಟ್ಟಿನಲ್ಲಿ ದೊರೆಯ ಪೀಠಕ್ಕೆ ಮತ್ಸ್ಯ, ಕೂರ್ಮ, ವರಾಹರು ಬಂದರು. ಆಟದ ಮೂಲ ನಡೆ ಮಾತ್ರ ಅದೇ ಉಳಿಯಿತು.

ಮುಮ್ಮಡಿಯವರು ಅಷ್ಟಕ್ಕೆ ನಿಲ್ಲಲಿಲ್ಲ. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತು ಭಾಗಗಳಾದ ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯಲ್ಲಿ ಅವರು ರೂಪಿಸಿದ 13 ಗಂಜೀಫಾ ಆಟಗಳ ವಿವರಣೆಯಿದೆ. ಹಳೆಯ ಪಂಗಡದಲ್ಲಿ ಹತ್ತು ಎಣಿಕೆಯ ಎಲೆ, ರಾಜ ಮತ್ತು ಮಂತ್ರಿ ಇದ್ದರೆ, ಇಲ್ಲಿ ಸಾಮಾನ್ಯವಾಗಿ 12 ಎಣಿಕೆಯ ಎಲೆಗಳ ಜೊತೆಗೆ ಆರು ಆಸ್ಥಾನದ ಎಲೆಗಳು. ಕೆಲವು ಆಟಗಳಿಗೆ 18 ಪಂಗಡಗಳು. ಚಾಮುಂಡೇಶ್ವರಿಯ ಹೆಸರಿನ ಕಟ್ಟಿಗೆ 320 ಎಲೆಗಳು ಬೇಕಿದ್ದವು. ಅಷ್ಟನ್ನು ಕೈಯಲ್ಲಿ ಹಿಡಿದು, ನೆನಪಿಟ್ಟು ಆಡುವುದು ಸುಲಭವಲ್ಲ. ಈ ಆಟಗಳು ಅರಮನೆಯಾಚೆ ಹರಡಲೇ ಇಲ್ಲ. ಆಟವಾಗಿ ಸೋತರೂ ಚಿತ್ರವಾಗಿ ಅವು ಅಪೂರ್ವ. ಆಳುವ ಅಧಿಕಾರ ಕಳೆದುಕೊಂಡ ದೊರೆ ಅಂಗೈಯಗಲದ ಎಲೆಗಳಲ್ಲಿ ತನ್ನ ಕುಲದೇವತೆಯ ಪಡೆ ಕಟ್ಟಿದ್ದನ್ನು ಬರಿಯ ಕಾಲಹರಣವೆಂದು ತಳ್ಳಿಹಾಕಲಾಗದು.

ಮೈಸೂರಿನಲ್ಲಿರುವ 1861ರ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟಗಳ ಹಾಸುಗಳ ಚಿತ್ರಗಳಿವೆ. ಮೈಸೂರು ಗಂಜೀಫಾಕ್ಕೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಆಟದ ಪಡೆಗೆ ತಮ್ಮ ನಾಡಿನ ವೇಷ ತೊಡಿಸುವ ಇದೇ ಹಂಬಲ ಈಗ ಕಂಪ್ಯೂಟರ್ ಆಟಗಳಿಗೂ ಬಂದಿದೆ. 1999ರ ‘ಏಜ್ ಆಫ್ ಎಂಪೈರ್ಸ್ 2’ ಆಟದಲ್ಲಿ ಯಾವ ನಾಡಿನ ಪಡೆಯೇ ಆಗಲಿ, ಹೆಚ್ಚಿನ ಸೈನಿಕರಿಗೆ ಒಂದೇ ಮುಖ, ಒಂದೇ ಉಡುಪು. ಭಾರತವಂತೂ ಅದರಲ್ಲಿ ಇರಲೇ ಇಲ್ಲ. ಅಭಿಮಾನಿಗಳೇ ಕಟ್ಟಿದ ‘ಫರ್ಗಾಟನ್ ಎಂಪೈರ್ಸ್’ ಎಂಬ ಮಾಡ್ (ಆಟದ ಮಾರ್ಪಾಡು) ಭಾರತೀಯರನ್ನು ಸೇರಿಸಿತು. 2013ರಲ್ಲಿ ಅದೇ ಅಧಿಕೃತ ವಿಸ್ತರಣೆಯಾಗಿ, ಆನೆಯ ಮೇಲಿನ ಬಿಲ್ಲುಗಾರರು ಬಂದರು. 2022ರ ‘ಡೈನಾಸ್ಟೀಸ್ ಆಫ್ ಇಂಡಿಯಾ’ದಲ್ಲಿ ದ್ರಾವಿಡರಿಗೆ ಉರುಮಿ ಎಂಬ ಬಳುಕುವ ಕತ್ತಿ ಬೀಸುವ ಯೋಧರು ಸಿಕ್ಕರು.

ಕೆಲಸದ ಶ್ರಮ ಮಾತ್ರ ಗಂಜೀಫಾ ಬರೆಯುವವರದ್ದೇ. ಹಳೆಯ ಆವೃತ್ತಿಯಲ್ಲಿ ಒಬ್ಬ ಸೈನಿಕನ ರೂಪ ಬದಲಿಸಬೇಕೆಂದರೆ ನಿಲ್ಲುವುದು, ನಡೆಯುವುದು, ಹೊಡೆಯುವುದು, ಬೀಳುವುದು ಎಲ್ಲವನ್ನೂ ಐದು ದಿಕ್ಕಿನಿಂದ ಬಿಡಿಬಿಡಿಯಾಗಿ ಚಿತ್ರಿಸಬೇಕು. ಉಳಿದ ಮೂರು ದಿಕ್ಕುಗಳಿಗೆ ಆಟವೇ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿಕೊಳ್ಳುತ್ತದೆ. ಆಗ ಬಲಗೈಯ ಕತ್ತಿ ಎಡಗೈಗೆ ಹೋಗಿರುತ್ತದೆ. ಮೈಸೂರಿನ ಹುಡುಗ ಹುಡುಗಿಯರು ಇಂಥ ಮಾಡ್ ಕಟ್ಟುವ ಕೆಲಸಕ್ಕೆ ಕೈಹಾಕುವುದಾದರೆ ಮಾದರಿಗಾಗಿ ದೂರ ಹೋಗಬೇಕಿಲ್ಲ. ಯಾವ ದೇವತೆಯ ಯಾವ ಕೈಯಲ್ಲಿ ಯಾವ ಆಯುಧ, ವಾಹನ ಯಾವುದು, ಮೈಬಣ್ಣ ಯಾವುದು ಎಂಬುದನ್ನು ಶ್ರೀತತ್ತ್ವನಿಧಿ ಶ್ಲೋಕದಲ್ಲೂ ಚಿತ್ರದಲ್ಲೂ ಕೊಟ್ಟಿದೆ.