ಶ್ರೀರಾಮಪುರದ ಡೇಸಿ ಹೂ

ಇಂಗ್ಲೆಂಡಿನಲ್ಲಿ ವಸಂತ ಬಂತೆಂದರೆ ಹುಲ್ಲುಗಾವಲಿನ ತುಂಬ ಡೇಸಿ ಅರಳುತ್ತದೆ. ನಮ್ಮ ಸೇವಂತಿಗೆಯ ಕುಲಕ್ಕೇ ಸೇರಿದ ಹೂ. ಗೇಣುದ್ದವೂ ಬೆಳೆಯದ ಗಿಡ, ನಡುವೆ ಹಳದಿಯ ಬೊಟ್ಟು, ಸುತ್ತ ಬಿಳಿಯ ಎಸಳು. ಅಲ್ಲಿಯವರಿಗೆ ಅದು ಕಳೆ. ಈ ಕಳೆಗಿಡವೊಂದನ್ನು ಬಂಗಾಳದ ಮಣ್ಣಿನಲ್ಲಿ ಕಂಡು ಮುದುಕನೊಬ್ಬ ಮಗುವಿನಂತೆ ಹಿಗ್ಗಿದ ಕಥೆಯಿದೆ.

ಆ ಮುದುಕ ವಿಲಿಯಂ ಕೇರಿ. ಕನ್ನಡಿಗರಿಗೆ ತೀರ ಅಪರಿಚಿತನಲ್ಲ. 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ಕನ್ನಡ ವ್ಯಾಕರಣ ಆತನದೇ. ಜೋಡು ಹೊಲೆಯುತ್ತಿದ್ದವನು ಪಾದ್ರಿಯಾಗಿ 1793ರಲ್ಲಿ ಬಂಗಾಳಕ್ಕೆ ಬಂದ. ಮರುವರ್ಷವೇ ಐದು ವರ್ಷದ ಮಗ ತೀರಿಕೊಂಡ. ಹೆಂಡತಿಗೆ ಬುದ್ಧಿಭ್ರಮಣೆಯಾಯಿತು; 1807ರಲ್ಲಿ ಸಾಯುವವರೆಗೂ ಆಕೆ ಚೇತರಿಸಿಕೊಳ್ಳಲಿಲ್ಲ. ಕಂಪೆನಿ ಸರ್ಕಾರಕ್ಕೆ ಪಾದ್ರಿಗಳೆಂದರೆ ಆಗದು. ಹಾಗಾಗಿ 1800ರಲ್ಲಿ ಡೇನರ ಆಳ್ವಿಕೆಯಲ್ಲಿದ್ದ ಶ್ರೀರಾಮಪುರವನ್ನು ಸೇರಿದ. ನಮ್ಮಲ್ಲಿ ಪರದೇಶಿಯೆಂದರೆ ದಿಕ್ಕಿಲ್ಲದವನೆಂಬ ಅರ್ಥವೂ ಉಂಟಷ್ಟೆ. ಆ ದಿನಗಳ ಕೇರಿಗೆ ಅದು ಎರಡು ಅರ್ಥದಲ್ಲಿಯೂ ಒಪ್ಪುತ್ತಿತ್ತು.

ದಿನಚರಿ ಬಿಡುವಿಲ್ಲದ್ದು. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ, ಸಂಸ್ಕೃತ, ಮರಾಠಿಗಳ ಪಾಠ. ಶ್ರೀರಾಮಪುರದಲ್ಲಿ ಭಾಷಾಂತರ, ಕರಡು ತಿದ್ದುವ ಕೆಲಸ. ಇವುಗಳ ನಡುವೆ ಆತನ ಉಸಿರು ಆಡುತ್ತಿದ್ದುದು ತೋಟದಲ್ಲಿ. ಐದು ಎಕರೆಯಷ್ಟು ನೆಲದಲ್ಲಿ ಲಿನೇಯಸನ ಕ್ರಮದಂತೆ ಗಿಡಗಳನ್ನು ಹೊಂದಿಸಿದ್ದ. ಕಲ್ಕತ್ತೆಯ ಸಸ್ಯೋದ್ಯಾನದ ಗಿಡಗಳ ಪಟ್ಟಿಯನ್ನು ರಾಕ್ಸ್‌ಬರೋ ಸಿದ್ಧಪಡಿಸಿದಾಗ, 1814ರಲ್ಲಿ ಅದನ್ನು ಪ್ರಕಟಿಸಿದವನೂ ಈತನೇ.

ಇಷ್ಟು ಬಲ್ಲವನು ಊರಿನ ಗೆಳೆಯರಿಂದ ಬೇಡುತ್ತಿದ್ದುದೇನು? ಹುಡುಗನೊಬ್ಬನಿಗೆ ದಿನಕ್ಕೊಂದು ಪೆನ್ನಿ ಕೊಟ್ಟು ಕಾಡುಹೂಗಳ ಬೀಜ ಆರಿಸಿ ಕಳಿಸಬಾರದೇ ಎಂದು ಒಂದು ಕಾಗದದಲ್ಲಿ ಆಕ್ಷೇಪಿಸುತ್ತಾನೆ. ನಿಮ್ಮ ತುರಿಕೆ ಗಿಡ, ಮುಳ್ಳು ಗಿಡಗಳನ್ನೂ ಇಲ್ಲಿ ಜೋಪಾನ ಮಾಡುತ್ತೇನೆಂಬುದು ಅವನ ಭರವಸೆ! ಗುಲಾಬಿಯನ್ನು ದುಡ್ಡು ಕೊಟ್ಟರೆ ಎಲ್ಲಿಯೂ ತರಿಸಬಹುದು. ಊರ ಬದುವಿನ ಕಳೆಯನ್ನು ಯಾವ ಅಂಗಡಿಯವನು ಮಾರುತ್ತಾನೆ?

ಕೊನೆಗೆ ಇಂಗ್ಲೆಂಡಿನಿಂದ ಬೀಜದ ಚೀಲವೊಂದು ಬಂತು. ಬೀಜಗಳನ್ನು ತೆಗೆದುಕೊಂಡ ಮೇಲೆ, ಏನೂ ವ್ಯರ್ಥವಾಗಬಾರದೆಂದು ಬರಿಯ ಚೀಲವನ್ನು ನೆರಳಿನ ನೆಲದ ಮೇಲೆ ಕೊಡವಿದ. ಕೆಲವು ದಿನಗಳಾದ ಬಳಿಕ ಹೋಗಿ ನೋಡಿದರೆ ಡೇಸಿ! ಊರು ಬಿಟ್ಟು ಸುಮಾರು ಮೂವತ್ತು ವರ್ಷಗಳಾಗಿದ್ದವು. ಈ ಹೂವನ್ನು ಮತ್ತೆ ಕಾಣುವ ಆಸೆಯನ್ನೇ ಬಿಟ್ಟಿದ್ದ. ಯೂರೋಪನ್ನು ಬಿಟ್ಟ ಮೇಲೆ ಇಂಥ ಸುಖವನ್ನು ಅನುಭವಿಸಿದ ನೆನಪಿಲ್ಲವೆಂದು ಬೀಜ ಕಳಿಸಿದವನಿಗೆ ಬರೆದ. ಆ ಕಾಗದದಿಂದ ಜೇಮ್ಸ್ ಮಾಂಟ್‌ಗೊಮರಿ ಎಂಬ ಕವಿ 1822ರಲ್ಲಿ ಒಂದು ಪದ್ಯ ಕಟ್ಟಿದ. ಪದ್ಯಕ್ಕಿಂತ ಕಾಗದವೇ ಮೇಲೆಂದು ನನಗೆ ತೋರುತ್ತದೆ, ಅದರಲ್ಲಿ ಅಲಂಕಾರವಿಲ್ಲ.

ತಾಯ್ನೆಲದಲ್ಲಿ ಡೇಸಿ ಬಹುವಾರ್ಷಿಕ ಗಿಡ. ಬಂಗಾಳದಲ್ಲಿ ಅದನ್ನು ಹಾಗೆ ಉಳಿಸಿಕೊಳ್ಳಲಾಗಲಿಲ್ಲ. ಬಹಳ ಆರೈಕೆ ಮಾಡಿ, ಪ್ರತಿ ಸಲ ಬೀಜ ಕೂಡಿಟ್ಟು, ಮತ್ತೆ ಬಿತ್ತಿ ವಂಶವನ್ನು ಕಾಯಬೇಕಾಯಿತು.

ಕೇರಿ ಒಮ್ಮೆಯೂ ಊರಿಗೆ ಹಿಂತಿರುಗಲಿಲ್ಲ. 1834ರಲ್ಲಿ ಶ್ರೀರಾಮಪುರದಲ್ಲಿಯೇ ಮಣ್ಣಾದ. ಆತನ ತೋಟವೂ ಈಗಿಲ್ಲ. ಆದರೆ ಸಸ್ಯಶಾಸ್ತ್ರಿಗಳು ನಮ್ಮ ಕಾಡಿನ ಕವಲು ಮರವನ್ನು ಕೇರಿಯಾ ಅರ್ಬೋರಿಯಾ ಎಂದು ಕರೆಯುತ್ತಾರೆ. ರಾಕ್ಸ್‌ಬರೋ ಗೆಳೆಯನಿಗಾಗಿ ಇಟ್ಟ ಹೆಸರದು. ಎಲೆಯುದುರಿದ ಕೊಂಬೆಗಳಲ್ಲಿ ವಸಂತದ ರಾತ್ರಿ ಅದರ ದೊಡ್ಡ ಹೂಗಳು ಬಿರಿಯುತ್ತವೆ; ಬೆಳಗಾಗುವ ಹೊತ್ತಿಗೆ ಮರದಡಿಯಲ್ಲಿ ಬಿದ್ದಿರುತ್ತವೆ.