ಅಂಕಣದ ಲೆಕ್ಕ: ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಮನೆ ಕಟ್ಟುವ ವೆಚ್ಚದ ಚರಿತ್ರೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಕನ್ನಡ ನಾಡಿನ ಎಲ್ಲೆಡೆ ಬಳಕೆಯಲ್ಲಿದೆ. ಮನೆ ಕಟ್ಟುವುದನ್ನು ಮದುವೆಯಂತೆಯೇ ಒಮ್ಮೆಲೇ ಬಂದೊದಗುವ ಖರ್ಚೆಂದು ಈ ಗಾದೆ ಭಾವಿಸುತ್ತದೆ. ಭೀಮಾ ಮತ್ತು ಕೃಷ್ಣಾ ತೀರಗಳ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಮಟ್ಟಿಗೆ ಈ ಹೋಲಿಕೆ ಅರ್ಧಸತ್ಯ. ಒಂದೇ ಬೇಸಿಗೆಯಲ್ಲಿ ವಾಡೆ ಎಬ್ಬಿಸಬಲ್ಲವರು ಇಲ್ಲಿ ದೇಸಾಯಿ, ಗೌಡ, ಸಾಹುಕಾರ ಮನೆತನದವರು ಮಾತ್ರ. ಉಳಿದ ಒಕ್ಕಲು ಕುಟುಂಬಗಳು ವರ್ಷಗಟ್ಟಲೆ ಕಟ್ಟುತ್ತ, ಕೂಡಿಸುತ್ತ, ದುರಸ್ತಿ ಮಾಡುತ್ತ ಬಂದವು. ಹಣದ ಚಲಾವಣೆ ವಿರಳವಾಗಿದ್ದ ಕಾಲದಲ್ಲಿ ವೆಚ್ಚವನ್ನು ಋತುಗಳ ಮೇಲೆ, ಬಂಧುಗಳ ಮೇಲೆ, ಕಸುಬುದಾರರ ಸಂಬಂಧದ ಮೇಲೆ ಹಂಚಿಹಾಕಿದ ಕ್ರಮವು ಜನಪದ ವಾಸ್ತುವಿನ ಅಧ್ಯಯನದಲ್ಲಿ ಅಲಂಕರಣದ ಬಾಗಿಲುಗಳಷ್ಟು ಗಮನ ಸೆಳೆದಿಲ್ಲ.

ಸುರಪುರವು ಗೋಸಲ ವಂಶದ ನಾಯಕರ ಸಂಸ್ಥಾನದ ರಾಜಧಾನಿಯಾಗಿತ್ತು. 1858ರ ಬಂಡಾಯದ ನಂತರ ಸಂಸ್ಥಾನ ಅಳಿದು, 1860ರಲ್ಲಿ ಈ ಭಾಗ ನಿಜಾಮರಿಗೆ ಸೇರಿತು. 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿಯೂ, 1956ರ ನಂತರ ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದ ಮೂರು ತಾಲೂಕುಗಳು 2010ರಲ್ಲಿ ಕಾರ್ಯಾರಂಭ ಮಾಡಿದ ಯಾದಗಿರಿ ಜಿಲ್ಲೆಗೆ ಬಂದವು. ಆಳಿದವರ ಕಟ್ಟಡಗಳು ಗುರುತಿನೊಡನೆ ಉಳಿದಿವೆ. ಸುರಪುರದ ಗುಡ್ಡದ ಮೇಲೆ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್ 1844ರದ್ದು. ಅದೇ ಕಾಲದ ಒಕ್ಕಲಿಗನ ಮನೆಗೆ ಅಂಥ ತೇದಿ ಹೇಳುವುದು ಸಾಧ್ಯವಿಲ್ಲ. ಅದರ ಗೋಡೆ ಒಂದು ತಲೆಮಾರಿನದು, ತೊಲೆ ಅದಕ್ಕೂ ಹಿಂದಿನದು, ಮೇಲ್ಮಣ್ಣು ಹೋದ ವರ್ಷದ್ದು.

ಈ ಸೀಮೆಯಲ್ಲಿ ಕಲ್ಲಿಗೆ ಎಂದೂ ಬರವಿರಲಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಗುಡ್ಡಗಳು ಕಗ್ಗಲ್ಲಿನವು. ಗೋಗಿಯ ಆಸುಪಾಸಿನಲ್ಲಿ ಭೀಮಾ ಕೊಳ್ಳದ ಸುಣ್ಣಕಲ್ಲು ಹಾಸುಹಾಸಾಗಿ ಏಳುತ್ತದೆ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಹಾಸುಗಳಿಂದ ಆಯುಧ ಮಾಡಿಕೊಂಡದ್ದನ್ನು ಕೆ. ಪದ್ದಯ್ಯನವರ ಉತ್ಖನನಗಳು ತೋರಿಸಿವೆ. ಕೊರತೆ ಇದ್ದದ್ದು ಮರಕ್ಕೆ. ಬಯಲುಸೀಮೆಯ ಬೇವು, ಜಾಲಿ, ಹುಣಸೆಗಳಲ್ಲಿ ನೇರವಾದ ಉದ್ದನೆಯ ತೊಲೆ ಸಿಗುವುದು ಅಪರೂಪ. ಸಾಗವಾನಿ ಹೊರಗಿನಿಂದ ಬರಬೇಕು. ಅದು ವಾಡೆಗಳ ಪಾಲು. ಮರದ ಕೊರತೆಯೇ ಸುಣ್ಣದ ಕೊರತೆಗೂ ಕಾರಣವಾಯಿತೆಂಬುದು ಗಮನಾರ್ಹ. ಕಾಲಡಿಯಲ್ಲಿ ಸುಣ್ಣಕಲ್ಲಿದ್ದರೂ ಅದನ್ನು ಸುಡಲು ಕಟ್ಟಿಗೆ ಬೇಕು, ಗಾಣದಲ್ಲಿ ಗಚ್ಚು ಅರೆಯಲು ಎತ್ತು ಬೇಕು. ಆದ್ದರಿಂದ ಗುಡಿ, ಕೋಟೆ, ವಾಡೆಗಳಿಗೆ ಗಚ್ಚು. ಒಕ್ಕಲು ಮನೆಗೆ ಕೆಸರು. ರಾಜನಕೋಳೂರಿನ ಬೃಹತ್ ಶಿಲಾ ಸಮಾಧಿಗಳ ಬಗ್ಗೆ ಟೇಲರ್ 1850ರ ದಶಕದ ಆರಂಭದಲ್ಲಿಯೇ ಬರೆದಿದ್ದನು. ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಇಂಥ ರಚನೆಗಳನ್ನು ಜನ ಗಿಡ್ಡ ಮೋರಿಯರ ಮನೆಗಳೆಂದು ಕರೆಯುತ್ತಾರೆ. ಒಂದು ಜಂತೆಯೂ ಇಲ್ಲದೆ ಕಟ್ಟಿದ ಮನೆ ಈ ಸೀಮೆಯ ಜನರ ಕಲ್ಪನೆಯಲ್ಲಿ ಬೇರೊಂದು ಜನಾಂಗದ್ದಾಗಿರುವುದು ಆಕಸ್ಮಿಕವಿರಲಾರದು.

ಮರದ ಈ ಕೊರತೆಯಿಂದಲೇ ಮನೆಯ ಅಳತೆ ಹುಟ್ಟಿತು. ಕಂಬದಿಂದ ಕಂಬಕ್ಕೆ ಇರುವ ಜಾಗ ಒಂದು ಅಂಕಣ; ಆಡುಮಾತಿನಲ್ಲಿ ಖಣ. ದೊರೆಯುವ ತೊಲೆ ಎಷ್ಟು ಉದ್ದವೋ ಅಂಕಣವೂ ಅಷ್ಟೇ. ಮನೆಯನ್ನು ಮೊಳದಲ್ಲಾಗಲಿ ಅಡಿಯಲ್ಲಾಗಲಿ ಹೇಳದೆ ಆರು ಖಣದ ಮನೆ, ಎಂಟು ಖಣದ ಮನೆ ಎನ್ನುವ ರೂಢಿಯಲ್ಲಿ ಒಂದು ಅಂದಾಜುಪಟ್ಟಿಯೇ ಅಡಗಿದೆ. ಖಣದ ಸಂಖ್ಯೆ ತಿಳಿದರೆ ಬೇಕಾಗುವ ಕಂಬ, ತೊಲೆ, ಜಂತೆಗಳ ಲೆಕ್ಕವನ್ನು ಬಡಿಗ ಅಂಗಳದಲ್ಲಿ ನಿಂತೇ ಹೇಳಬಲ್ಲ. ಎರಡು ಖಣಕ್ಕೆ ಸಾಮಾನಿದ್ದರೆ ಎರಡು ಖಣ ಕಟ್ಟಿ, ಮುಂದಿನ ಗೋಡೆಯಲ್ಲಿ ಕಲ್ಲುಗಳನ್ನು ಹಲ್ಲು ಬಿಟ್ಟಂತೆ ಹೊರಚಾಚಿ ಇಡುವುದು ವಾಡಿಕೆ. ಮಗ ದುಡಿಯುವಂತಾದಾಗ ಹೊಸ ಗೋಡೆ ಆ ಹಲ್ಲಿಗೇ ಕೂಡಿಕೊಳ್ಳುತ್ತದೆ. ಅಣ್ಣತಮ್ಮಂದಿರು ಬೇರೆಯಾದರೆ ಪಾಲಾಗುವುದೂ ಖಣವೇ. ಬಿದ್ದ ಮನೆಯ ಮಣ್ಣು ಹಿತ್ತಲಿಗೆ ಹೋದರೂ ತೊಲೆ, ಜಂತೆ, ಬಾಗಿಲ ಚೌಕಟ್ಟುಗಳು ಕೈಬದಲಾಗಿ ಇನ್ನೊಂದು ಮನೆ ಸೇರುತ್ತಿದ್ದವು. ಒಕ್ಕಲು ಮನೆಯ ನಿಜವಾದ ಬಂಡವಾಳ ಈ ಮರವೇ.

ಜಂತೆಗಳ ಮೇಲೆ ಚಿಲಿಕೆ, ತೊಗರಿಕಟ್ಟಿಗೆ, ಬೇವಿನ ಸೊಪ್ಪು ಹಾಸಿ, ಮಣ್ಣು ತುಳಿದು, ಕೊನೆಗೆ ಸೌಳುಮಣ್ಣು ಹರವಿದರೆ ಮಾಳಿಗೆ. ಬೆಳೆಗೆ ಬಾರದ ಸೌಳು ಭೂಮಿ ಮನೆಗೆ ಬೇಕಾದದ್ದು. ಕ್ಷಾರಗುಣದ ಈ ಮಣ್ಣಿನ ನವಿರು ಕಣಗಳು ಮೊದಲ ಮಳೆಗೆ ಉಬ್ಬಿ, ಸಂದುಗಳನ್ನು ಮುಚ್ಚಿ ನೀರು ಇಳಿಯದಂತೆ ತಡೆಯುತ್ತವೆ. ಪ್ರತಿ ವರ್ಷ ಮಿರಗದ ಮಳೆಗೆ ಮುನ್ನ ಒಂದು ಪದರು ಸೇರಿಸಲೇಬೇಕು. ಅದಕ್ಕೆ ದುಡ್ಡು ಬೇಕಿಲ್ಲ, ಬಂಡಿ ಮತ್ತು ತೋಳು ಬೇಕು. ಆದರೆ ಪದರಿನ ಮೇಲೆ ಪದರು ಸೇರಿ ಜಂತೆಗೆ ಭಾರವಾಗುತ್ತದೆ. ಆಗಾಗ ಹಳೆಯ ಮಣ್ಣನ್ನು ಇಳಿಸದ ಮನೆ ಬಾಗುತ್ತದೆ. ಮಾಳಿಗೆ ಮನೆ ‘ಖರ್ಚಿಲ್ಲದ ಮನೆ’ ಎಂಬ ನಗರದ ವಾಸ್ತುಪ್ರೇಮಿಗಳ ಮೆಚ್ಚುಗೆ ಈ ತೋಳಿನ ಲೆಕ್ಕವನ್ನು ಬಿಟ್ಟುಬಿಡುತ್ತದೆ.

ಕೆಸರಿನ ಗೋಡೆಗೆ ನೀರೇ ಮುಖ್ಯ. ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಕೈಗಳು ಬಿಡುವಾಗುತ್ತವೆ. ಕೆರೆ ಬಾವಿಗಳು ಬತ್ತುವುದೂ ಆಗಲೇ. ರಾಶಿ ಮತ್ತು ಕಡುಬೇಸಿಗೆಗಳ ನಡುವಿನ ಕೆಲವೇ ವಾರಗಳಲ್ಲಿ ಮಣ್ಣು ಕಲಸಿ, ಗೋಡೆಯನ್ನು ಸ್ವಲ್ಪಸ್ವಲ್ಪವೇ ಏರಿಸಿ ಒಣಗಿಸಿ, ಮಳೆಗೆ ಮುನ್ನ ಮಾಳಿಗೆ ಮುಚ್ಚಬೇಕು. ಊರ ಬಾವಿಯ ನೀರಿಗೆ ಕೈಹಾಕಲು ಬಿಡದ ದಲಿತ ಕೇರಿಗಳ ಮಟ್ಟಿಗೆ ಈ ಅವಧಿ ಇನ್ನೂ ಕಿರಿದು. ಹಳ್ಳದ ಒರತೆಯಿಂದ ಹೊತ್ತು ತಂದ ನೀರು ಕುಡಿಯಲು ಸಾಲದಿರುವಾಗ ಗೋಡೆಗೆ ಎಲ್ಲಿಯದು? ಕೇರಿಗಳಲ್ಲಿ ಮಾಳಿಗೆಗಿಂತ ಗುಡಿಸಲುಗಳೇ ಹೆಚ್ಚಾಗಿದ್ದುದಕ್ಕೆ ಬಡತನವೊಂದನ್ನೇ ಕಾರಣವಾಗಿ ಹೇಳುವುದು ಸಾಲದು. ಎರೆಭೂಮಿಯ ಊರುಗಳಲ್ಲಿ ಪಾಯದ ಕಷ್ಟವೂ ಸೇರುತ್ತದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣಿನಲ್ಲಿ ಗರಸು ಸಿಗುವವರೆಗೆ ಅಗೆಯದಿದ್ದರೆ ಗೋಡೆ ಸೀಳುತ್ತದೆ.

ಕಲ್ಲು ಒಡೆಯಲು ಒಡ್ಡರು, ಗೋಡೆಗೆ ಗೌಂಡಿ, ಮರಕ್ಕೆ ಬಡಿಗ, ಚಿಲಕ ಮೊಳೆಗಳಿಗೆ ಕಮ್ಮಾರ. ಕುಂಟೆ, ನೇಗಿಲುಗಳ ದುರಸ್ತಿಗೆ ಬಡಿಗ, ಕಮ್ಮಾರರಿಗೆ ಕಣದಲ್ಲಿ ಆಯ ಸಲ್ಲುತ್ತಿತ್ತು. ಹೊಸ ಮನೆ ಆಯದ ಲೆಕ್ಕಕ್ಕೆ ಸೇರದು. ಅದಕ್ಕೆ ಬೇರೆ ಕಾಳು, ಊಟ, ಬಟ್ಟೆ. ಈ ಸಲ್ಲಿಕೆಯ ಗಡುವನ್ನು ಗೊತ್ತುಮಾಡುತ್ತಿದ್ದವು ಆಚರಣೆಗಳು. ಪಾಯದ ಪೂಜೆಗೆ ಗೌಂಡಿಗೆ ಕಾಣಿಕೆ, ಬಾಗಿಲು ನಿಲ್ಲಿಸಿದ ದಿನ ಬಡಿಗನಿಗೆ ಆಯೇರಿ, ತೊಲೆ ಏರಿಸಿದ ದಿನ ಎಲ್ಲರಿಗೂ ಊಟ, ಮನೆ ಹೊಕ್ಕಾಗ ಉಳಿದ ಬಾಕಿ. ಇವುಗಳನ್ನು ದೃಷ್ಟಿದೋಷ ನಿವಾರಣೆಯ ನಂಬಿಕೆಗಳೆಂದಷ್ಟೇ ವರ್ಗೀಕರಿಸಿದರೆ ಅವುಗಳ ಅರ್ಧ ಕೆಲಸ ಮರೆಯಾಗುತ್ತದೆ: ಆಚರಣೆ ನಡೆಯದೆ ಕಸುಬುದಾರ ಮುಂದಿನ ಕೆಲಸಕ್ಕೆ ಕೈಹಾಕುವಂತಿರಲಿಲ್ಲ. ಕೂಲಿಯಿಲ್ಲದ ದುಡಿತ ಮುಯ್ಯಾಳಿನದು. ಇಂದು ನಿನ್ನ ಗೋಡೆಗೆ, ಮುಂದಿನ ವರ್ಷ ನನ್ನ ಮಾಳಿಗೆಗೆ. ವಾಡೆಗಳಿಗೆ ಬಿಟ್ಟಿ ದುಡಿದ ಕೈಗಳ ಲೆಕ್ಕ ಬೇರೆ. ಅಲ್ಲಿ ಮುಯ್ಯಿ ಮರಳುತ್ತಿರಲಿಲ್ಲ.

1871ರಲ್ಲಿ ಮುಂಬಯಿ ಮತ್ತು ಮದರಾಸು ಕಡೆಯ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿದವು. ಆ ದಾರಿಯಲ್ಲಿದ್ದ ಯಾದಗಿರಿಗೆ ಹೊರಗಿನ ಮರ, ಕಬ್ಬಿಣ ತಲುಪುವಂತಾಯಿತು. ಶಹಾಬಾದಿನ ಫರಸಿ ಮೊದಲು ನೆಲಕ್ಕೆ, ನಂತರ ಚಿಲಿಕೆಯ ಬದಲು ಜಂತೆಗಳ ಮೇಲಕ್ಕೂ ಏರಿತು. 1982ರಲ್ಲಿ ನಾರಾಯಣಪುರ ಅಣೆಕಟ್ಟು ಪೂರ್ಣಗೊಂಡು ಕಾಲುವೆ ಹರಿದ ಊರುಗಳಲ್ಲಿ ಸಿಮೆಂಟಿಗೆ ಬೇಕಾದ ನಗದು ಬಂತು. ಕಾಲುವೆ ತಲುಪದ ಊರುಗಳಿಂದ ಜನ ಗುಳೆ ಹೋದರು. ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಪರರ ಮನೆಗಳಿಗೆ ಕಾಂಕ್ರೀಟು ಹೊತ್ತವರೇ ಊರಿಗೆ ಮರಳಿ ತಮ್ಮ ಮನೆಗೆ ಸೆಂಟ್ರಿಂಗ್ ಕಟ್ಟುವ ನೋಟ ಇಲ್ಲಿ ಸಾಮಾನ್ಯ. ಆದರೆ ಸುಗ್ಗಿಯ ನಂತರ ಊರೇ ಖಾಲಿಯಾಗುವಲ್ಲಿ ಮುಯ್ಯಾಳು ಉಳಿಯಲಿಲ್ಲ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಸತತ ಮಳೆ ಮಾಳಿಗೆ ಮನೆಗಳಿಗೆ ದೊಡ್ಡ ಹೊಡೆತ ಕೊಟ್ಟಿತು. ನದಿ ಹೊಕ್ಕದ ಊರುಗಳಲ್ಲೂ ನೆನೆದ ಗೋಡೆಗಳು ಕುಸಿದವು. ಆಗ ಬಂದ ‘ಆಸರೆ’, ಅದಕ್ಕೂ ಹಿಂದಿನ ಆಶ್ರಯ, ಇಂದಿರಾ ಆವಾಸ್ ಯೋಜನೆಗಳು ಮನೆಯನ್ನು ಮಂಜೂರಾತಿಯ ವಸ್ತುವಾಗಿಸಿದವು. 2016ರ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯ ಮನೆಗೆ ನಿಗದಿಯಾದ ಸಹಾಯಧನ 1,20,000 ರೂಪಾಯಿ, ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಸರ್ಕಾರಿ ಕಂತುಗಳೂ ಪಾಯ, ಬಾಗಿಲ ಮೇಲ್ಮಟ್ಟ, ಛಾವಣಿ, ಮುಕ್ತಾಯ ಎಂಬ ಹಂತಗಳನ್ನೇ ನೆಚ್ಚಿರುವುದು ಕುತೂಹಲಕರ. ಗೌಂಡಿ, ಬಡಿಗರ ಆಯೇರಿಯ ದಿನಗಳೂ ಹೆಚ್ಚುಕಡಿಮೆ ಅವೇ. ವ್ಯತ್ಯಾಸ ಕೊಡುವವರಲ್ಲಿದೆ. ಹಿಂದೆ ಹಂತ ಮುಗಿದಾಗ ಕೊಡಬೇಕಾದ ಕಾಳು ಮನೆಯ ಹಗೇವಿನಲ್ಲಿರುತ್ತಿತ್ತು. ಈಗ ಹಂತ ಮುಗಿಸಿ ಫೋಟೋ ತೆಗೆಸಿದ ಮೇಲೆ ಕಂತು. ಅಲ್ಲಿಯವರೆಗಿನ ಸಿಮೆಂಟು, ಕಬ್ಬಿಣ ಅಂಗಡಿಯ ಉದ್ದರಿ ಇಲ್ಲವೆ ಕೈಸಾಲ. ಇದಕ್ಕೆ ಮರಳಿನ ಬಿಕ್ಕಟ್ಟು ಸೇರಿತು. ಸಣ್ಣ ಪ್ರಮಾಣದ ಮರಳು ಗಣಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ನದಿಯ ಉಳಿವಿಗೆ ಅದು ಅಗತ್ಯವೇ ಆಗಿತ್ತು. ಆದರೆ ಕೃಷ್ಣಾ, ಭೀಮೆಯರ ದಂಡೆಯಲ್ಲಿದ್ದೂ ಒಂದು ಬಂಡಿ ಉಸುಕಿಗೆ ಪರವಾನಗಿ ಕೇಳಬೇಕಾದ ಸ್ಥಿತಿ ಬಡವನ ಮನೆಗೆ ಬಂತು.

ಯೋಜನೆಯ ಮನೆಯಲ್ಲಿ ದನ ಕಟ್ಟುವ ದಂದಕ್ಕಿ ಇಲ್ಲ, ಹಗೇವಿಗೆ ನೆಲವಿಲ್ಲ. ಹೀಗಾಗಿ ಹೊಸ ಮನೆಯ ಪಕ್ಕದಲ್ಲಿ ಹಳೆಯ ಮಾಳಿಗೆಯ ಎರಡು ಖಣ ಎತ್ತುಗಳಿಗಾಗಿ ಉಳಿದುಕೊಂಡಿರುವುದುಂಟು. ಮಿರಗಕ್ಕೆ ಮುನ್ನ ಅದರ ಮೇಲೆ ಈಗಲೂ ಸೌಳುಮಣ್ಣು ಬೀಳುತ್ತದೆ, ಊರಲ್ಲಿ ಉಳಿದವರ ಕೈಯಿಂದ.